ನಡುವೆ ಬಿಟ್ಟ ಜಾಗ

ಜರ್ಮನಿಯ ಬಾನ್ ನಗರದಲ್ಲಿ ಓದುತ್ತಿರುವ ಗೆಳೆಯ ಗಿರೀಶ ನನ್ನನ್ನು ಮಧ್ಯಾಹ್ನದ ಹಾಡುಗಾರಿಕೆಯೊಂದಕ್ಕೆ ಎಳೆದೊಯ್ದ. ಅಮೆರಿಕದ ಹಳ್ಳಿಗಾಡಿನ ಕಂಟ್ರಿ ಹಾಡನ್ನು ತಮ್ಮದೇ ಒರಟು ಧಾಟಿಗೆ ಬಗ್ಗಿಸಿಕೊಂಡ ಜರ್ಮನ್ ತಂಡ ಅದು. ಗಂಡ, ಹೆಂಡತಿ, ಆಕೆಯ ಅಣ್ಣ ಇಪ್ಪತ್ತು ವರ್ಷ ಒಂದೇ ಮೈಕಿನ ಮುಂದೆ ಹಾಡಿದ್ದರಂತೆ. ಅಣ್ಣ ಈ ಚಳಿಗಾಲದಲ್ಲಿ ತೀರಿಕೊಂಡ. ಉಳಿದಿಬ್ಬರು ನಡುವೆ ಒಬ್ಬನಿಗಾಗುವಷ್ಟು ಜಾಗ ಬಿಟ್ಟೇ ನಿಂತಿದ್ದರು. ಅವನ ಸಾಲು ಬಂದಾಗ ಇಬ್ಬರೂ ಬಾಯಿ ಮುಚ್ಚುತ್ತಿದ್ದರು. ಗಿಟಾರ್ ಮಾತ್ರ ನಡೆಯುತ್ತಿತ್ತು.

ರೈಲು ಪ್ರಯಾಣದುದ್ದಕ್ಕೂ ಅವರ ಹಳೆಯ ಹಾಡುಗಳನ್ನೇ ಕೇಳಿಕೊಂಡು ಬಂದಿದ್ದೆ. ವಿರಾಮದಲ್ಲಿ, ಸಿ.ಡಿ. ಮಾರುವ ಮೇಜಿನ ಬಳಿ, ನಾಲಗೆ ತುರಿಸಿತು. ಸತ್ತವನ ಮೂಗುದನಿಯಲ್ಲೇ ಒಂದು ಸಾಲು ಎಳೆದೆ.

"ಲೇ ಮಗಾ, ಮುಚ್ಚೋ ಬಾಯಿ! ಆಯಮ್ಮ ನಿನ್ನ ಹಿಂದೇನೇ ಇದಾರೆ," ಎಂದ ಗಿರೀಶ.

ಬೈಸಿಕೊಳ್ಳಲು ಸಿದ್ಧನಾಗಿ ತಿರುಗಿದೆ. ಸತ್ತವನ ತಂಗಿ ಬೈಯಲಿಲ್ಲ, ನನ್ನ ಮುಖ ಕಾಣದಂತೆ ಗೋಡೆಯ ಕಡೆ ತಿರುಗಿ ನಿಂತು, ಇಂಗ್ಲಿಷಿನಲ್ಲಿ ಹೇಳಿದಳು: "ಅವನ ಸಿ.ಡಿ. ಹಾಕೋಕೆ ನನಗಿನ್ನೂ ಧೈರ್ಯ ಬಂದಿಲ್ಲ. ಇನ್ನೊಂದ್ಸಲ ಹಾಡು."

ಮೇಷ್ಟರು, ಸೋದರಮಾವ, ವೀಸಾ ಕಚೇರಿಯ ಹೆಂಗಸು, ಯಾರನ್ನೂ ಬಿಡದೆ ಅಣಕಿಸಿದ ಈ ಗಂಟಲಿನಿಂದ ಆಗ ಹೊರಟದ್ದು ನನ್ನದೇ ಕೀರಲು ದನಿ. ಮತ್ತೆ ಪ್ರಯತ್ನಿಸಿದೆ. ಅದೇ ಕೀರಲು.

ವೇದಿಕೆಯಿಂದ ಗಂಡ ಎರಡು ಸಲ ಕರೆದ. ಆಕೆ ಗೋಡೆಗೆ ಮುಖ ಮಾಡಿ ಕಾಯುತ್ತಲೇ ಇದ್ದಳು.