ಹೌಸಕ್ಕನ ಕರಿಗುಡ್ಡ

ನಮ್ಮ ಖಣ ಗಲ್ಲಿಯಲ್ಲಿ ಕೋಳಿಗಿಂತ ಮೊದಲು ಏಳುವುದು ಹೌಸಾಬಾಯಿ ಖೋತಳ ಟ್ರ್ಯಾಕ್ಟರು. ಅದು ಕೆಮ್ಮಿ, ಸೀನಿ, ಕೊನೆಗೊಮ್ಮೆ ಗುಡುಗಿತೆಂದರೆ ಎಲ್ಲರ ಮನೆಯ ಪಾತ್ರೆಗಳೂ ಮಾತಾಡತೊಡಗುತ್ತವೆ. ಒಂಬತ್ತು ಗಜದ ಸೀರೆಯ ಕಚ್ಚೆ ಬಿಗಿದು, ತಲೆಗೆ ಗಂಡನ ಟವೆಲು ಸುತ್ತಿಕೊಂಡು, ಐವತ್ತು ದಾಟಿದ ಹೌಸಕ್ಕ ಸೀಟಿನ ಮೇಲೆ ಕೂತು ಗೇರಿನೊಂದಿಗೆ ಹೊಸ ಸೊಸೆಯ ಹತ್ತಿರ ಮಾತಾಡಿದಂತೆ ಮಾತಾಡುತ್ತಾಳೆ. "ಬಾರವ್ವ, ಹಟ ಮಾಡಬ್ಯಾಡ. ನಿನ್ನ ಬಿಟ್ರ ನನಗ್ಯಾರದಾರ."

ಅವಳ ಕೆಲಸ ದಿನಕರರಾವ್ ಸಾಳೋಖೆಯವರ ಎರಕದ ಕಾರ್ಖಾನೆಯ ಕಸ ಸಾಗಿಸುವುದು. ಕಬ್ಬಿಣ ಕರಗಿಸಿ ಉಸುಕಿನ ಅಚ್ಚಿಗೆ ಸುರಿಯುತ್ತಾರೆ. ಕಬ್ಬಿಣ ಪಂಪಿನ ಭಾಗವಾಗಿ ಹೊರಗೆ ಹೋಗುತ್ತದೆ, ಸುಟ್ಟು ಕಪ್ಪಾದ ಉಸುಕು ಹಿಂದಿನ ಬಾಗಿಲಿಗೆ ಬರುತ್ತದೆ. ಅದನ್ನು ಹೌಸಕ್ಕ ತಂದು ನಮ್ಮ ಗಲ್ಲಿಯ ಹಿಂದಿನ ಹಾಳು ಕಲ್ಲುಗಣಿಯಲ್ಲಿ ಸುರಿಯುತ್ತಿದ್ದಳು. ಗಣಿ ತುಂಬಿತು. ತುಂಬಿದ ಮೇಲೂ ಸುರಿದಳು. ಹಾಗೆ ಒಂದು ಗುಡ್ಡವೇ ಎದ್ದು, ಅದಕ್ಕೆ ಅವಳದೇ ಹೆಸರು ಬಂತು.

ಬೇಸಿಗೆಯ ಗಾಳಿ ಬೀಸಿದರೆ ಗುಡ್ಡ ಮನೆಮನೆಗೆ ಬರುತ್ತಿತ್ತು. ನನ್ನ ಅವ್ವ ಮಾಳಿಗೆಯ ಮೇಲಿಂದಲೇ ಕೂಗುತ್ತಿದ್ದಳು. "ಹೌಸಾ, ನಿನ್ನ ಗುಡ್ಡ ನಮ್ಮ ಹಪ್ಪಳದ ಮ್ಯಾಲ ಬಂದು ಕುಂತೈತಿ ನೋಡ."

"ಕರಿ ಎಳ್ಳಂತ ಹೇಳಿ ಮಾರ, ವಹಿನಿ."

ಎಲ್ಲರೂ ನಗುತ್ತಿದ್ದರು. ಹೌಸಕ್ಕ ಮಾತ್ರ ನಕ್ಕ ಮೇಲೆ ಒಮ್ಮೆ ಗುಡ್ಡದ ಕಡೆ ನೋಡುತ್ತಿದ್ದಳು. ಕೂಸುಗಳು ಕೆಮ್ಮುವುದು ಅವಳಿಗೂ ಕೇಳಿಸುತ್ತಿತ್ತು. ಉಸುಕು ಸುರಿಯುವುದು ನಿಲ್ಲಿಸಿದರೆ ಟ್ರ್ಯಾಕ್ಟರು ನಿಲ್ಲುತ್ತದೆ, ನಿಲ್ಲಿಸದಿದ್ದರೆ ಗಲ್ಲಿ ಹೂತುಹೋಗುತ್ತದೆ. ಆ ಗುಡ್ಡ ಎಲ್ಲಿಗಾದರೂ ಹೋಗಬೇಕು, ಅದನ್ನು ತಾನೇ ಹೊತ್ತೊಯ್ಯುವಂತಾಗಬೇಕು. ಅವಳು ಬೇಡಿಕೊಳ್ಳುತ್ತಿದ್ದುದು ಇಷ್ಟೇ.

ಹೆದ್ದಾರಿಯ ಆಚೆ ಬಾಬಾಸೋ ಅತಿಗ್ರೆಯವರ ಅಂಗಳ. ರಸ್ತೆಗೆ ಹಾಸುವ ಸಿಮೆಂಟಿನ ಇಟ್ಟಿಗೆ ಮಾಡುತ್ತಾರೆ. ಕಲ್ಲುಪುಡಿ ಸಿಗುತ್ತಿಲ್ಲವೆಂದು ಅವರು ಪಂಕ್ಚರ್ ಅಂಗಡಿಯಲ್ಲಿ ಗೊಣಗಿದ್ದು ಹೌಸಕ್ಕನ ಕಿವಿಗೆ ಬಿತ್ತು. ಎರಕದ ಉಸುಕನ್ನೂ ಸ್ವಲ್ಪ ಬೆರೆಸಬಹುದೆಂದು ಪಾಲಿಟೆಕ್ನಿಕ್ಕಿನ ಮಾಸ್ತರರು ಅಲ್ಲೇ ಅಂದರು. ಒಬ್ಬರು ಚೆಲ್ಲುತ್ತಾರೆ, ಒಬ್ಬರು ಹುಡುಕುತ್ತಾರೆ, ನಡುವೆ ಒಂದು ರಸ್ತೆ ಅಷ್ಟೇ. ಆ ದಿನ ಹೌಸಕ್ಕ ಹಾರ್ನ್ ಒತ್ತಿಕೊಂಡೇ ಮನೆಗೆ ಬಂದಳು.

ಆದರೆ ನಡುವೆ ಇದ್ದದ್ದು ರಸ್ತೆಯೊಂದೇ ಅಲ್ಲ, ಒಂದು ಗೋಲು ಕೂಡ. ಅತಿಗ್ರೆಯವರದು ಆಲದಮರದ ತಾಲೀಮು ಎಂಬ ಗರಡಿಮನೆ, ಕೆಂಪು ಅಂಗಿ. ಸಾಳೋಖೆಯವರದು ಬಾವಿಕಟ್ಟೆಯ ತಾಲೀಮು, ಹಳದಿ ಅಂಗಿ. ಅಜ್ಜಂದಿರು ಅಲ್ಲಿ ಕುಸ್ತಿ ಹಿಡಿದರು, ಮೊಮ್ಮಕ್ಕಳು ಫುಟ್‌ಬಾಲ್ ಆಡುತ್ತಾರೆ, ಜಗಳ ಮಾತ್ರ ಹಳೆಯದೇ. ಒಂದು ಫೈನಲ್ಲಿನಲ್ಲಿ ಚೆಂಡು ಗೆರೆ ದಾಟಿತೋ ಇಲ್ಲವೋ ಎಂಬುದು ತೀರ್ಮಾನವಾಗದೆ, ಇಬ್ಬರೂ ಅಂದಿನಿಂದ ಮದುವೆಯ ಊಟಕ್ಕೂ ಬೆನ್ನಿಗೆ ಬೆನ್ನು ಹಾಕಿ ಕೂರುತ್ತಿದ್ದರು.

ಹೌಸಕ್ಕ ಹಿತ್ತಾಳೆಯ ತಟ್ಟೆಯಲ್ಲಿ ಕರಿ ಉಸುಕು ತುಂಬಿ, ಮೇಲೆ ಹಸಿರು ಕುಪ್ಪಸದ ಖಣ ಹೊದಿಸಿ, ತೆಂಗಿನಕಾಯಿ ಇಟ್ಟುಕೊಂಡು ಅತಿಗ್ರೆಯವರ ಮುಂದೆ ನಿಂತಳು.

"ಏನಿದು ಹೌಸಾಬಾಯಿ?"

"ಹೆಣ್ಣು ತೋರಸಾಕ ಬಂದೇನ್ರಿ."

ಅತಿಗ್ರೆ ಖಣ ಸರಿಸಿ ನೋಡಿದರು. "ಭಾಳ ಕಪ್ಪ ಅದಾಳಲ್ಲ."

"ನಿಮ್ಮನ್ನೇನ ಹಾಲಿನ್ಯಾಗ ಅದ್ದಿ ತಗದಾರೇನ್ರಿ? ಬೆಂಕ್ಯಾಗ ನಿಂತು ಬಂದಾಕಿ. ಮನಿ ಹಿಡದು ನಿಲ್ತಾಳ."

"ತವರುಮನಿ ಯಾವ್ದು?"

"ಮೊದ್ಲ ಚಹಾ ತರಸ್ರಿ."

ಚಹಾ ಮುಗಿದ ಮೇಲೆ ಹೆಸರು ಹೇಳಿದಳು. ಅತಿಗ್ರೆ ಕೈಯಲ್ಲಿದ್ದ ತೆಂಗಿನಕಾಯಿಯನ್ನು ಬಿಸಿ ಕೆಂಡದಂತೆ ಕೆಳಗಿಟ್ಟರು. "ಆ ಹಳದಿ ಮನಿದಾ?"

"ಉಸುಕಿಗೆ ಯಾವ ತಾಲೀಮ್ರಿ, ಅಣ್ಣಾ."

ಬಳಿಕ ಅವಳು ರಸ್ತೆ ದಾಟಿ ಸಾಳೋಖೆಯವರ ಹತ್ತಿರ ಹೋದಳು. "ಗಂಡಿನ ಕಡೆಯವರು ಒಪ್ಪೂ ಹಂಗ ಕಾಣ್ತಾರ" ಎಂದಳು. ಅವರು ಒಪ್ಪಿರಲಿಲ್ಲ, ಬರೀ ಚಹಾ ಕೊಟ್ಟಿದ್ದರು. ಹೀಗೆ ಅರ್ಧ ನಿಜವನ್ನು ಆಚೆಗೆ, ಅರ್ಧ ನಿಜವನ್ನು ಈಚೆಗೆ ಸಾಗಿಸಿ ಒಂದು ಟ್ರಾಲಿ ಉಸುಕನ್ನು ಹೆದ್ದಾರಿ ದಾಟಿಸಿದಳು.

ಮೊದಲ ಇಟ್ಟಿಗೆಗಳು ಬೆರಳಲ್ಲಿ ಒತ್ತಿದರೆ ಉದುರಿದವು.

"ತವರಿನವರು ಸಂಸ್ಕಾರ ಕೊಟ್ಟು ಕಳಸಿಲ್ಲ ಅಂತ ಹೇಳ ಅವಗ" ಎಂದರು ಅತಿಗ್ರೆ.

"ಅತ್ತಿಮನ್ಯಾಗ ನೋಡ್ಕೊಳ್ಳೂ ರೀತಿ ಬರೂದಿಲ್ಲ ಅಂತ ಹೇಳ" ಎಂದರು ಸಾಳೋಖೆ.

ಎರಡೂ ಮಾತನ್ನು ಹೌಸಕ್ಕ ದಾರಿಯಲ್ಲೇ ಚೆಲ್ಲಿ, ಮಾಸ್ತರರನ್ನು ಕೇಳಿದಳು. ಉಸುಕಿಗೆ ಅಂಟಿದ ಜೇಡಿಮಣ್ಣಿನ ಧೂಳು ಹೋಗಬೇಕು ಎಂದರು ಅವರು. ಸಾಳೋಖೆಯವರು ಜರಡಿ ಯಂತ್ರ ಕೂರಿಸಿದರು. ಜರಡಿ ಹಿಡಿಯುವುದು ಇವರದು, ಅಚ್ಚು ಹಾಕುವುದು ಅವರದು, ಹೊರುವುದು ಹೌಸಕ್ಕನದು ಎಂದಾಯಿತು. ಎರಡನೆಯ ಸಲದ ಇಟ್ಟಿಗೆಗಳನ್ನು ಹಾಸಿ ಅವಳು ತುಂಬಿದ ಟ್ರಾಲಿಯನ್ನೇ ಮೇಲೆ ಹತ್ತಿಸಿದಳು. ಒಂದೂ ಬಿರಿಯಲಿಲ್ಲ. ಅವಳು ಸೀಟಿನ ಮೇಲೆ ಎದ್ದುನಿಂತು ಹೆಂಗಸರು ಕೈಹಿಡಿದು ಸುತ್ತುವ ಫುಗಡಿಯ ಹಾಡು ಹೇಳಿದಳಂತೆ. ಸ್ಟಿಯರಿಂಗ್ ಯಾರು ಹಿಡಿದಿದ್ದರೆಂದು ಅವಳ ಗಂಡ ಪಾಂಡಬಾ ಇಂದಿಗೂ ಕೇಳುತ್ತಾನೆ.

ಮಾತು ಗಟ್ಟಿಮಾಡಲು ಅಡಿಕೆ ಒಡೆಯುವ ದಿನ ಗೊತ್ತಾಯಿತು. ಮೊದಲ ರಸ್ತೆ ನಮ್ಮ ಗಲ್ಲಿಗೇ. ಅದು ಒಂದು ಮಳೆಗಾಲ ತಾಳಿ ನಿಂತರೆ ಜರಡಿ ಹಿಡಿದು ಗುಡ್ಡವನ್ನೂ ಖಾಲಿ ಮಾಡುವುದೆಂದು ಒಪ್ಪಂದ. ಅತಿಗ್ರೆಯವರ ಅಂಗಳದಲ್ಲಿ ಎಲ್ಲರೂ ಸೇರಿದೆವು. ಮಾದರಿ ಇಟ್ಟಿಗೆಗಳ ಮೇಲಿನ ತಾಡಪತ್ರಿ ಎಳೆದರು. ಎಲ್ಲವೂ ಕೆಂಪು.

ಸಾಳೋಖೆ ಎದ್ದುನಿಂತರು. "ನನ್ನ ಉಸುಕಿಗೆ ನಿನ್ನ ಅಂಗಿ ಹಾಕೀ ಏನೊ?"

"ಮದಿವ್ಯಾದ ಮ್ಯಾಲ ಗಂಡನ ಮನಿ ಸೀರಿ ಉಡಬೇಕಪಾ."

"ಹಳದಿ ಆಗಬೇಕು. ಇಲ್ಲಂದ್ರ ಒಂದು ಕಣ ಬರೂದಿಲ್ಲ."

ಹೌಸಕ್ಕ ಅಡಿಕೆಯ ತಟ್ಟೆ ಹಿಡಿದು ಇಬ್ಬರ ನಡುವೆ ನಿಂತಿದ್ದಳು. ಅವಳ ಮುಖ ನೋಡಲಾಗಲಿಲ್ಲ. ಆಗ ಹಿಂದಿನಿಂದ ಯಾರೋ ಅಂದರು, "ಮ್ಯಾಚ್ ಇಟ್ಟುಬಿಡ್ರಿ. ಗೆದ್ದವರ ಬಣ್ಣ."

ಇಬ್ಬರೂ ಯಜಮಾನರ ಕಣ್ಣು ಒಮ್ಮೆಗೇ ಹೊಳೆದವು. ನಾನು ಕಂಡಂತೆ ಅವರು ಎದುರಾಬದುರು ಒಪ್ಪಿದ ಮೊದಲ ಮಾತು ಅದು.

ಮೈದಾನ ಎಲ್ಲಿ? ಹೌಸಕ್ಕನ ಗುಡ್ಡದ ತಲೆ ಟ್ರಾಲಿ ತಿರುಗಿ ತಿರುಗಿ ಚಪ್ಪಟೆಯಾಗಿತ್ತು. ರೆಫರಿ ಯಾರು? ಆಟ ಗೊತ್ತಿದ್ದವರೆಲ್ಲ ಯಾವುದೋ ಒಂದು ಬಣ್ಣದವರು. ಏನೂ ಗೊತ್ತಿಲ್ಲದವಳು ಹೌಸಕ್ಕ ಒಬ್ಬಳೇ.

"ಚೆಂಡು ಕಂಬದ ನಡಬರಕ ಹೋದ್ರ ಗೋಲ. ಹೌದಿಲ್ಲೊ? ಉಳಿದದ್ದೆಲ್ಲ ಗದ್ದಲ" ಎಂದು ಖಚಿತಪಡಿಸಿಕೊಂಡು ಸೀಟಿ ಕೊರಳಿಗೆ ಹಾಕಿಕೊಂಡಳು.

ಭಾನುವಾರ ಸಂಜೆ ಗುಡ್ಡ ಹತ್ತಿದವರಲ್ಲಿ ಕೋಲೂರಿದ ಅಜ್ಜಿಯರೂ ಇದ್ದರು. ಭೇಲ್‌ಪುರಿಯ ಗಾಡಿಯನ್ನು ನಾಲ್ಕು ಜನ ಹೊತ್ತು ತಂದರು. ಪಾಂಡಬಾ ಹಲಗಿ ಬಾರಿಸಿದ. ಒಂದು ಕಡೆ ಎರಕದ ಕೆಲಸಗಾರರು ಅರಿಶಿಣದಂತೆ ಹಳದಿ, ಇನ್ನೊಂದು ಕಡೆ ಇಟ್ಟಿಗೆಯವರು ಕುಂಕುಮದಂತೆ ಕೆಂಪು. ಸೀಟಿ ಕೇಳಿಸಿತು. ಇಪ್ಪತ್ತೆರಡು ಜನ ಒಮ್ಮೆಗೇ ಓಡಿದರು. ಗುಡ್ಡ ಎದ್ದುನಿಂತಿತು.

ಕರಿ ಮೋಡದೊಳಗಿಂದ ಒಂದು ಕಾಲು, ಒಂದು ಬೈಗುಳ, ಒಮ್ಮೊಮ್ಮೆ ಚೆಂಡು ಹೊರಗೆ ಬರುತ್ತಿತ್ತು. ಸ್ವಲ್ಪ ಹೊತ್ತಿಗೆ ಹಳದಿಯೂ ಇಲ್ಲ, ಕೆಂಪೂ ಇಲ್ಲ. ಒಬ್ಬ ತನ್ನವನನ್ನೇ ಕೆಡವಿ ವೈರಿಗೆ ಚೆಂಡು ಕೊಟ್ಟ. ಸಾಳೋಖೆ "ಶಾಬ್ಬಾಸ್ ಮಗನ" ಎಂದು ಕೂಗಿದ್ದು ಅತಿಗ್ರೆಯವರ ಗುಮಾಸ್ತನಿಗೆ. ಗೋಲು ಕಾಯುವವನು ಕಂಬ ಬಿಟ್ಟು ಮುಂದೆ ಬಂದು "ನೀ ನಮ್ಮಾಂವೇನೊ?" ಎಂದು ಕೇಳುತ್ತಿದ್ದಾಗ ಚೆಂಡು ಅವನ ಹಿಂದಿನಿಂದ ಒಳಗೆ ಹೋಯಿತು.

ಹಲಗಿ ನಿಂತಿತು. ಗೋಲು ಹೊಡೆದವನು ಯಾರು? ಹನ್ನೊಂದು ಜನ ಕೈಯೆತ್ತಿದರು, ಆಮೇಲೆ ಇನ್ನೂ ಎಂಟು. ಕಂಬದ ಹತ್ತಿರ ನಿಂತಿದ್ದವನನ್ನು ಎಳೆತಂದರು. ಹಲ್ಲು, ಕಣ್ಣು ಬಿಟ್ಟರೆ ಉಳಿದದ್ದೆಲ್ಲ ಉಸುಕು. ಸಾಳೋಖೆ ತಮ್ಮ ಕರವಸ್ತ್ರ ತೆಗೆದು ಅವನ ಅಂಗಿ ಉಜ್ಜಿದರು. ಕರವಸ್ತ್ರ ಕಪ್ಪಾಯಿತು, ಅಂಗಿ ಇನ್ನಷ್ಟು ಕಪ್ಪಾಯಿತು. ಅತಿಗ್ರೆ ಸಾಳೋಖೆಯವರ ಮುಖ ನೋಡಿದರು. ಬಿಳಿ ಮೀಸೆ ಇದ್ದ ಜಾಗದಲ್ಲಿ ಕರಿ ಮೀಸೆ ಬಂದಿತ್ತು.

"ದಿನ್ಯಾ, ಮತ್ತ ಮದಿವಿ ವಯಸ್ಸಿಗೆ ಬಂದೀ ನೋಡ" ಎಂದವರು ನಗಲು ಹೋಗಿ ಕೆಮ್ಮಿದರು. ಸಾಳೋಖೆಯವರು ಅವರ ಬೆನ್ನು ತಟ್ಟಿದರು. ತಟ್ಟಿದ ಕಡೆಯೆಲ್ಲ ಐದು ಬೆರಳಿನ ಗುರುತು. ಅದನ್ನು ನೋಡಿ ತಾವೂ ನಗತೊಡಗಿದವರು ಮಂಡಿ ಹಿಡಿದುಕೊಂಡು ಉಸುಕಿನ ಮೇಲೆ ಕೂತುಬಿಟ್ಟರು.

ಹೌಸಕ್ಕ ಸೀಟಿ ಊದಿದಳು. "ಕೇಳ್ರಿ. ಗೋಲ್ ಹೊಡದಾಂವ ಕರಿ ಅಂಗಿಯಾಂವ. ಕರಿ ಗೆದ್ದೈತಿ. ಇಟ್ಟಂಗಿಗೆ ಬಣ್ಣ ಹಾಕಂಗಿಲ್ಲ, ಹುಟ್ಟಿದ ಬಣ್ಣದಾಗ ಇರ್ತಾವ. ಯಾರಿಗರೆ ತಕರಾರ ಐತೇನ?"

ಇಬ್ಬರೂ ಯಜಮಾನರು ನಗುತ್ತಲೇ ತಲೆಯಾಡಿಸಿದರು. ಅಡಿಕೆಯನ್ನು ಅಲ್ಲೇ, ಗೋಲಿನ ಕಂಬಕ್ಕೆ ಆಸರೆಯಾಗಿದ್ದ ಕಲ್ಲಿನ ಮೇಲೆ ಒಡೆದರು.

ನಮ್ಮ ಗಲ್ಲಿಗೆ ಬೂದುಗಪ್ಪು ರಸ್ತೆ ಬಂತು. ಮಳೆಗಾಲದಲ್ಲೂ ಒಂದು ಇಟ್ಟಿಗೆ ಅಲುಗಲಿಲ್ಲ. ಮಳೆ ನಿಂತ ಮಾರನೆಯ ಬೆಳಿಗ್ಗೆ ಹೌಸಕ್ಕ ಖಾಲಿ ಟ್ರಾಲಿಯನ್ನು ಗುಡ್ಡಕ್ಕೆ ಹಿಮ್ಮುಖವಾಗಿ ನಿಲ್ಲಿಸಿದಳು. ಇಷ್ಟು ವರ್ಷ ತುಂಬಿ ಬಂದು ಖಾಲಿಯಾಗಿ ಹೋಗುತ್ತಿದ್ದ ಟ್ರಾಲಿ. ನಾವು ಹೆಂಗಸರೆಲ್ಲ ಮೂಗಿಗೆ ಒದ್ದೆ ಸೆರಗು ಕಟ್ಟಿಕೊಂಡು ಸಲಿಕೆ ಹಿಡಿದು ಬಂದೆವು. ತುಂಬುವುದು ಯಂತ್ರದ ಕೆಲಸ, ನೀವು ಬೇಡವೆಂದು ಹೌಸಕ್ಕ ಅಂದರೂ ಯಾರೂ ಕೇಳಲಿಲ್ಲ. ನನ್ನ ಅವ್ವ ಮೊದಲ ಸಲಿಕೆ ಎಸೆದಳು.

ಟ್ರಾಲಿ ತುಂಬಿದ ಮೇಲೆ ಅವ್ವ ಸುಮ್ಮನಿರದೆ ಕೇಳಿದಳು. "ಹೌಸಾ, ಗುಡ್ಡ ಮುಗದ ಮ್ಯಾಲ ನಿನ್ನ ಹೆಸರ ಯಾತಕ್ಕಿಡೂಣು?"

"ಮೊದ್ಲ ಹಾದಿ ಬಿಡ, ವಹಿನಿ. ಇನ್ನ ಗುಡ್ಡ ಪೂರಾ ಐತಿ" ಎಂದು ಹೌಸಕ್ಕ ಗೇರು ಹಾಕಿದಳು. ಅಂದು ಅದು ಹಟ ಮಾಡಲಿಲ್ಲ.