ಪೊರೆ ತೆಗೆದ ದಿನ

ಸಾಯುವವರು ತಮ್ಮವರ ಬಳಿ ಬಂದು ನಿಲ್ಲುತ್ತಾರೆ ಎಂದು ಯಾರಾದರೂ ಹೇಳಿದರೆ ನಾನು ನಕ್ಕುಬಿಡುತ್ತಿದ್ದೆ. ನರ್ಸ್ ಆಗಿ ಎಷ್ಟೋ ಸಾವು ನೋಡಿದವಳು, ಅಂಥದ್ದೇನೂ ಕಂಡಿರಲಿಲ್ಲ. ಈಗ ಬರೆಯುವುದನ್ನೂ ನೀವು ನಂಬಲೇಬೇಕೆಂದಿಲ್ಲ.

ತೊಂಬತ್ತರ ದಶಕದ ಕೊನೆ. ಜಮಖಂಡಿಯ ನಮ್ಮ ಕಣ್ಣಿನ ಆಸ್ಪತ್ರೆಗೆ ಹೊಸ ಯಂತ್ರ ಬಂದಿತ್ತು. ಅಲ್ಲಿಯವರೆಗೆ ಕಣ್ಣನ್ನು ಅಗಲವಾಗಿ ಕೊಯ್ದು, ಪೊರೆ ತೆಗೆದು, ಹೊಲಿಗೆ ಹಾಕುತ್ತಿದ್ದರು. ಈ ಯಂತ್ರದ ಸೂಜಿ ಸಣ್ಣ ತೂತಿನಲ್ಲಿ ಒಳಗಿಳಿದು, ಅಲ್ಟ್ರಾಸೌಂಡ್ ಕಂಪನದಿಂದ ಪೊರೆಯನ್ನು ಪುಡಿಮಾಡಿ ಹೀರಿಕೊಳ್ಳುತ್ತಿತ್ತು.

ಬನಹಟ್ಟಿಯ ನೇಕಾರ ಶಿವಪ್ಪಜ್ಜನನ್ನು ಹೆಂಡತಿ ಕಲ್ಲವ್ವ ಕೈಹಿಡಿದು ಕರೆತಂದಿದ್ದಳು. ಐದು ವರ್ಷದಿಂದ ಅವನಿಗೆ ಮಗ್ಗದ ಎಳೆಯೂ ಕಾಣದು, ಅವಳ ಮುಖವೂ ಕಾಣದು.

“ಮೊದಲ ಅಕಿ ಮಾರಿ ನೋಡಬೇಕ್ರಿ ಅಕ್ಕಾರ,” ಎಂದ ಅಜ್ಜ.

“ಮುದಿಕಿ ಮಾರ್ಯಾಗ ಏನೈತಿ, ಸುಮ್ನಿರ್ರಿ,” ಎಂದು ಕಲ್ಲವ್ವ ನಾಚಿದಳು. ಅವಳನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ಅಜ್ಜನನ್ನು ಒಳಗೆ ಕರೆದೊಯ್ದೆ.

ಡಾಕ್ಟರು ಪೆಡಲ್ ಒತ್ತಿದರು. ಯಂತ್ರ ಗುಂಯ್‌ಗುಡತೊಡಗಿತು. ಅಜ್ಜನ ಒಂದು ಕಣ್ಣು ಇಂಜೆಕ್ಷನ್ನಿನಿಂದ ಮರಗಟ್ಟಿತ್ತು, ಇನ್ನೊಂದು ಬಟ್ಟೆಯಡಿ ಮುಚ್ಚಿತ್ತು. ಇದ್ದಕ್ಕಿದ್ದಂತೆ ಅವನು ಮೆಲ್ಲಗೆ, “ಕಲ್ಲವ್ವಾ, ಸೆರಗ ಯಾಕ ತೊಯ್ಸ್ಕೊಂಡಿ? ಥಂಡಿ ಆದೀತು,” ಎಂದ.

“ಇಲ್ಲಿ ಯಾರೂ ಇಲ್ಲ ಅಜ್ಜಾ, ಅಲುಗಾಡಬ್ಯಾಡ್ರಿ,” ಎಂದೆ.

“ನಿಂತಾಳಲ್ರೀ,” ಎಂದ.

ಕಣ್ಣಿಗೆ ಪಟ್ಟಿ ಹಾಕಿ ನಾನು ಹೊರಬಂದಾಗ ನಳದ ಹತ್ತಿರ ಜನ ಸೇರಿದ್ದರು. ನೀರು ಕುಡಿಯಲು ಹೋದ ಕಲ್ಲವ್ವ ಅಲ್ಲೇ ಕುಸಿದಿದ್ದಳು. ನಳ ಸುರಿಯುತ್ತಲೇ ಇತ್ತು. ಸೆರಗು ಪೂರ್ತಿ ತೊಯ್ದಿತ್ತು. ಜೀವ ಹೋಗಿತ್ತು.

ಪಟ್ಟಿ ಬಿಚ್ಚುವುದು ಮರುದಿನ. ಮಣ್ಣು ಮಾಡುವುದು ಅಂದೇ. ಅದಕ್ಕೂ ಮೊದಲು ಬಿಚ್ಚಿರೆಂದು ಅಜ್ಜ ಡಾಕ್ಟರಿಗೆ ಕೈಮುಗಿದ. ಸಂಜೆ ಅವರೇ ಪಟ್ಟಿ ತೆಗೆದರು. ಮಸುಕಾಗಿಯಾದರೂ ಕಲ್ಲವ್ವನ ಮುಖ ಕಂಡಿತು. ಬಹಳ ಹೊತ್ತು ನೋಡಿ, ಅವಳ ಕೆನ್ನೆ ಮುಟ್ಟಿ, “ಎಷ್ಟ ಸೊರಗೀಯಲ್ಲ... ಒಮ್ಮೆರ ಹೇಳಲಿಲ್ಲ,” ಎಂದ.

ಇಂಜೆಕ್ಷನ್ನಿನ ಮಂಪರಿನಲ್ಲಿ ಏನೋ ಬಡಬಡಿಸಿರಬೇಕು ಎಂದರು ಡಾಕ್ಟರು. ಇರಬಹುದು. ಆದರೆ ಸೆರಗು ತೊಯ್ದದ್ದು ಅವನಿಗೆ ಹೇಗೆ ಗೊತ್ತಾಯಿತು?

ವಾರದ ಮೇಲೆ ಅಜ್ಜ ತಪಾಸಣೆಗೆ ಬಂದ. ಗೋಡೆಯ ಮೇಲಿನ ಸಣ್ಣ ಅಕ್ಷರವನ್ನೂ ಓದಿದ. ತಡೆಯಲಾಗದೆ, ಅಂದು ಅವನು ಕಲ್ಲವ್ವನಿಗೆ ಆಡಿದ ಮಾತು ಹೇಳಿ ಕೇಳಿಯೇಬಿಟ್ಟೆ.

“ನಾ ಹಂಗ ಅಂದಿದ್ನೇನ್ರೀ?” ಎಂದು ನನ್ನನ್ನೇ ನೋಡಿದ. ಅವನಿಗೇನೂ ನೆನಪಿರಲಿಲ್ಲ. ಆಮೇಲೆ, “ನೀವು ಅಲ್ಲೇ ಇದ್ರಲ್ಲಾ ಅಕ್ಕಾರ, ಅಕಿ ಏನಾರ ಅಂದ್ಳೇನ್ರೀ?” ಎಂದು ಕೇಳಿದ.

ಅವನ ಮಾತು ಬಿಟ್ಟರೆ ಆ ಕೋಣೆಯಲ್ಲಿ ನಾನು ಕೇಳಿದ್ದು ಯಂತ್ರದ ಸದ್ದೊಂದೇ.