ಸಾರಿ ಹೇಳಿ ಕಚ್ಚುವ ಹುಡುಗಿ

ನಮ್ಮ ಬೀದಿಯ ಶಿಶುವಿಹಾರದ ಟೀಚರಮ್ಮನಿಗೆ ಸಿಟ್ಟೇ ಬರುವುದಿಲ್ಲ ಎಂದು ಪ್ರತೀತಿ. ಹಾಗೆಂದು ಅವರೇ ಎಲ್ಲರಿಗೂ ಹೇಳಿಕೊಂಡು ಬಂದಿದ್ದರು. ಮಕ್ಕಳು ಕಿತ್ತಾಡಿದರೆ ಅವರ ಬಳಿ ಇದ್ದದ್ದು ಒಂದೇ ಮದ್ದು: "ಸಾರಿ ಹೇಳು ಪುಟ್ಟಾ." ಹೊಡೆದರೂ ಸಾರಿ, ಉಗಿದರೂ ಸಾರಿ. ಹೀಗೆ ಶಾಂತಿ ನೆಲೆಸಿತ್ತು. ಗಾಯಕ್ಕೆ ಹಚ್ಚುವ ಮುಲಾಮು ಮಾತ್ರ ಬೇಗ ಖಾಲಿಯಾಗುತ್ತಿತ್ತು.

ಆ ವರ್ಷ ನಾಲ್ಕು ತುಂಬಿದ ಹುಡುಗಿಯೊಬ್ಬಳು ಸೇರಿದಳು. ಚುರುಕು ಬುದ್ಧಿ. ಮದ್ದಿನ ಮರ್ಮ ಬಹುಬೇಗ ಹಿಡಿದಳು. ಮೊದಲೇ ಸಾರಿ ಹೇಳಿ, ಆಮೇಲೆ ನಿಶ್ಚಿಂತೆಯಿಂದ ಕಚ್ಚತೊಡಗಿದಳು. ಸಾರಿ ಎಂಬ ಶಬ್ದ ಕಿವಿಗೆ ಬಿದ್ದರೆ ಸಾಕು, ಉಳಿದ ಮಕ್ಕಳು ಕೈ ಅಡಗಿಸಿಕೊಂಡು ಓಟ ಕೀಳುತ್ತಿದ್ದರು.

ಅವಳ ಅಮ್ಮನನ್ನು ಕರೆಸಿದ್ದಾಯಿತು. "ನಮ್ಮ ಮಗು ಒಂದು ಇರುವೆಗೂ ನೋವು ಮಾಡಲ್ಲ ಮಿಸ್," ಎಂದರು ಆಕೆ. ನಿಜ, ಇರುವೆಗಳಿಂದ ದೂರು ಬಂದಿರಲಿಲ್ಲ.

ಒಂದು ಬೆಳಿಗ್ಗೆ ಹುಡುಗಿ ಮರದ ತುಂಡುಗಳಲ್ಲಿ ಗೋಪುರ ಕಟ್ಟಿದ್ದಳು. ಗುಂಡಣ್ಣ ಎಂದು ಎಲ್ಲರೂ ಕರೆಯುತ್ತಿದ್ದ ಪೋರ ತಗುಲಿ ಬೀಳಿಸಿದ. ಅವಳು ಸಾರಿಯನ್ನೂ ಹೇಳದೆ ಅವನ ತೋಳಿಗೆ ಬಾಯಿ ಹಾಕಿದಳು. ಬಿಡಿಸಲು ಹೋದ ಟೀಚರಮ್ಮನ ಹೆಬ್ಬೆರಳೂ ಹಲ್ಲಿಗೆ ಸಿಕ್ಕಿತು. "ರಾಕ್ಷಸಿ!" ಎಂದು ಸಿಟ್ಟೇ ಬಾರದ ಆ ಬಾಯಿ ಕಿರುಚಿತು. ಎಲ್ಲರಿಗಿಂತ ಹೆಚ್ಚು ಬೆಚ್ಚಿದವರು ಟೀಚರಮ್ಮನೇ.

ಹುಡುಗಿ ಬಿಕ್ಕಿದಳು. "ಅವ್ನು ಬೇಕಂತಲೇ ಬೀಳಿಸ್ದ."

ಈಗ ಯಾವ ಮುಖ ಇಟ್ಟುಕೊಂಡು ಅವಳಿಗೆ ಸಾರಿ ಹೇಳು ಎನ್ನುವುದು? ಟೀಚರಮ್ಮ ನೆಲಕ್ಕೆ ಕೂತರು. "ಬೀಳ್ಸೋವಾಗ ಅವ್ನು ಎಲ್ಲಿ ನೋಡ್ತಿದ್ದ?"

"ಕಿಟಕೀಲಿ ಬೆಕ್ಕು ನೋಡ್ತಿದ್ದ."

"ನಿನ್ನ ಗೋಪುರ ಕಾಣಿಸ್ತಿತ್ತಾ ಅವ್ನಿಗೆ?"

ಅವಳು ಎದ್ದು ಹೋಗಿ ಗುಂಡಣ್ಣನ ಬೆನ್ನು ತಡವಿ ನೋಡಿದಳು. "ಇಲ್ಲಿ ಕಣ್ಣಿಲ್ಲ."

ಕಚ್ಚುವುದೇನೂ ಅವತ್ತೇ ನಿಲ್ಲಲಿಲ್ಲ. ಆದರೆ ಬಾಯಿ ಹಾಕುವ ಮುಂಚೆ ಎದುರಿನವರ ಕಣ್ಣು ಎಲ್ಲಿದೆ ಎಂದು ನೋಡುವ ಅಭ್ಯಾಸ ಹತ್ತಿತು. ಬರಬರುತ್ತಾ ನೋಡುವುದೇ ಹೆಚ್ಚಾಗಿ ಕಚ್ಚುವುದು ಕಡಿಮೆಯಾಯಿತು.

ಈ ಜ್ಞಾನೋದಯದಿಂದ ಉಬ್ಬಿದ ಟೀಚರಮ್ಮನಿಗೆ ತಮ್ಮ ಓರಗಿತ್ತಿಯ ನೆನಪಾಯಿತು. ಮದುವೆಯೊಂದರಲ್ಲಿ ಮುಖ ತಿರುಗಿಸಿದಳೆಂದು ಅವಳೊಡನೆ ವರ್ಷಗಟ್ಟಲೆ ಮಾತು ಬಿಟ್ಟಿದ್ದರು. ಪಾಪ, ಕಂಡಿರಲಿಕ್ಕಿಲ್ಲ! ದೊಡ್ಡ ಮನಸ್ಸು ಮಾಡಿ ಫೋನ್ ಮಾಡಿದರು.

"ಅವತ್ತು ನೀನು ನನ್ನ ನೋಡೇ ಇರ್ಲಿಲ್ಲ ಅಲ್ವೇನೇ?"

"ಚೆನ್ನಾಗೇ ನೋಡಿದ್ದೆ ಅಕ್ಕಾ. ಬೇಕಂತಲೇ ತಿರುಗಿಸ್ದೆ. ತಲೆಗೆ ಹೊಸದಾಗಿ ಬಣ್ಣ ಹಚ್ಚಿಸ್ಕೊಂಡು ಬಂದ್ರೆ ನನ್ನ ನೋಡಿ ಕಿಸಕ್ಕಂತ ನಕ್ಕಿದ್ರಲ್ಲ ನೀವು?"

"ಅಯ್ಯೋ, ನಿನ್ನ ತಲೆ ನೋಡಿ ಅಲ್ಲ ಕಣೇ, ನಿನ್ನ ಗಂಡನ ಕೋಟು ನೋಡಿ!"

ಓರಗಿತ್ತಿ ಗೊಳ್ಳೆಂದು ನಕ್ಕಳು. "ಅಕ್ಕಾ, ಆ ಕೋಟು ಇನ್ನೂ ಇದೆ. ನಾಳೆ ಬನ್ನಿ, ತೋರಿಸ್ತೀನಿ."